ಡಿಪ್ರೆಶನ್ ಮಾತ್ರೆ ತಗೊಳ್ತಿರೋರಿಗೆ ಇದ್ದಕ್ಕಿದ್ದಂಗೆ ಮೈ ನಡುಕ, ಬೆವರು, ಜ್ವರ ಬಂದ್ರೆ: ಸೆರೊಟೋನಿನ್ ಸಿಂಡ್ರೋಮ್ ಗುರುತಿಸೋದು ಹೇಗೆ, ಏನ್ ಮಾಡ್ಬೇಕು

ನಾನು ಬೆಂಗಳೂರಲ್ಲಿ ಒಂದು ಆಸ್ಪತ್ರೆ ಕ್ಯಾಶುಯಾಲ್ಟಿಯಲ್ಲಿ ನರ್ಸ್ ಆಗಿ ಕೆಲಸ ಮಾಡ್ತೀನಿ. ಒಂದು ಮಳೆಗಾಲದ ರಾತ್ರಿ ಅಮ್ಮ, ಸೋದರಮಾವ, ಪಕ್ಕದ ಮನೆಯವರು ಎಲ್ಲಾ ಸೇರಿ ಇಪ್ಪತ್ತಾರು ವರ್ಷದ ಹುಡುಗನ್ನ ಆಟೋದಲ್ಲಿ ಹಾಕ್ಕೊಂಡು ಬಂದ್ರು. ಶರ್ಟು ನೀರಲ್ಲಿ ಅದ್ದಿ ತೆಗ್ದಂಗೆ ಬೆವರಿಂದ ಒದ್ದೆ, ಕಣ್ಣು ಪಾಪೆ ಅಗಲ, ಸ್ಟ್ರೆಚರ್ ಮೇಲೆ ಒಂದು ಕ್ಷಣ ಸುಮ್ನೆ ಮಲಗ್ತಿಲ್ಲ, ಕಾಲು ಮಾತ್ರ ತಾನಾಗೇ ಜಗ್ತಾ ಇದೆ. "ಸಿಸ್ಟರ್, ಬೆಳಿಗ್ಗೆ ಚೆನ್ನಾಗೇ ಇದ್ದ, ಹೀಟ್ ಆಗಿರ್ಬೇಕು ಅಂತ ಮಜ್ಜಿಗೆ ಕೊಟ್ಟೆ, ಡೋಲೋ ಎರಡು ಸಲ ಕೊಟ್ಟೆ, ಜ್ವರ ಇಳೀತಾನೇ ಇಲ್ಲ" ಅಂದ್ರು ಅಮ್ಮ. ಬೇರೆ ಏನಾದ್ರೂ ಮಾತ್ರೆ ತಗೊಳ್ತಾನಾ ಅಂತ ಡಾಕ್ಟರ್ ಕೇಳಿದ್ರೆ, ಇಲ್ಲ ಅಂದ್ರು.

ಡ್ಯೂಟಿ ಡಾಕ್ಟರ್ ಅವನ ಮಂಡಿ ಸ್ವಲ್ಪ ಮಡಿಸಿ, ಪಾದನ ಅಂಗೈಯಲ್ಲಿ ಹಿಡ್ಕೊಂಡು ಒಮ್ಮೆ ಜೋರಾಗಿ ಮೇಲಕ್ಕೆ ತಳ್ಳಿದ್ರು. ಪಾದ ನಿಲ್ಲಲೇ ಇಲ್ಲ, ಅವರ ಕೈಯಲ್ಲೇ ಟಕ ಟಕ ಟಕ ಅಂತ ಹೊಲಿಗೆ ಮಷಿನ್ ಪೆಡಲ್ ಥರ ಹೊಡ್ಕೊಳ್ತಾನೇ ಇತ್ತು. ಡಾಕ್ಟರ್ ನನ್ ಕಡೆ ತಿರುಗಿ, ಅವರ ಅಮ್ಮನ್ನ ಆಚೆ ಕರ್ಕೊಂಡು ಹೋಗಿ ಒಬ್ಬರನ್ನೇ ಕೇಳಿ ಅಂದ್ರು. ಕಾರಿಡಾರಲ್ಲಿ ಆ ತಾಯಿ ಸೆರಗು ಬಾಯಿಗಿಟ್ಕೊಂಡು ಹೇಳಿದ್ರು, ಅವನು ಒಂದು ವರ್ಷದಿಂದ ಡಿಪ್ರೆಶನ್‌ಗೆ ಸರ್ಟ್ರಲೀನ್ ತಗೊಳ್ತಿದ್ದಾನೆ, ಮಾವನ ಎದುರಿಗೆ ಹೇಳೋಕಾಗ್ಲಿಲ್ಲ, ಹುಡುಗಿ ನೋಡ್ತಿದ್ದಾರೆ. ಎರಡು ದಿನದ ಹಿಂದೆ ಬೈಕ್ ಸ್ಕಿಡ್ ಆಗಿ ಸೊಂಟ ಪೆಟ್ಟಾಗಿತ್ತಂತೆ, ಏರಿಯಾ ಕ್ಲಿನಿಕ್ಕಲ್ಲಿ ನೋವಿಗೆ ಕೊಟ್ಟ ಮಾತ್ರೇಲಿ ಟ್ರಮಡಾಲ್ ಇತ್ತು, ಅದರ ಜೊತೆ ಕೆಮ್ಮು ಅಂತ ಮೆಡಿಕಲ್ ಶಾಪಿಂದ ಒಂದು ಸಿರಪ್ಪು. ಕ್ಲಿನಿಕ್ಕಲ್ಲೂ ಸರ್ಟ್ರಲೀನ್ ವಿಷಯ ಹೇಳಿರ್ಲಿಲ್ಲ.

ಈ ಕಾಯಿಲೆ ಕೈತಪ್ಪಿ ಹೋಗೋದು ಹೆಚ್ಚಾಗಿ ಇಂಥ ಕಡೇನೇ. ಮನಸ್ಸಿನ ಮಾತ್ರೆ ಅಂದ್ರೆ ಬಚ್ಚಿಡೋ ವಸ್ತು ಅಂದ್ಕೊಂಡಿರೋದ್ರಿಂದ ಡಾಕ್ಟರ್‌ಗೆ ಅರ್ಧ ಕಥೆ ಮಾತ್ರ ಸಿಗತ್ತೆ. ಅದಕ್ಕೇ ಮನೇಲಿ ಯಾರಾದ್ರೂ ಈ ಮಾತ್ರೆ ತಗೊಳ್ತಿದ್ರೆ ಇದನ್ನ ಪೂರ್ತಿ ಓದಿ.

ಮೊದಲು, ಇದು ಏನು ಅಂತ

ಸೆರೊಟೋನಿನ್ ನಮ್ಮ ದೇಹದಲ್ಲೇ ತಯಾರಾಗೋ ಒಂದು ಕೆಮಿಕಲ್. ಮೂಡು, ನಿದ್ದೆ ಎಲ್ಲಾದ್ರಲ್ಲೂ ಅದರ ಕೈ ಇದೆ, ಆದ್ರೆ ಅದರಲ್ಲಿ 90 ಪರ್ಸೆಂಟ್ ಹತ್ತಿರ ಇರೋದು ಹೊಟ್ಟೆ, ಕರುಳಲ್ಲಿ, ಅದಕ್ಕೇ ಈ ಸಿಂಡ್ರೋಮಲ್ಲಿ ಲೂಸ್ ಮೋಷನ್ನೂ ಆಗತ್ತೆ. ನರಗಳ ಮಧ್ಯೆ ಸೆರೊಟೋನಿನ್ ಬಿಡುಗಡೆ ಆಗಿ ಕೆಲಸ ಮುಗಿದ್ಮೇಲೆ ಅದನ್ನ ವಾಪಸ್ ಹೀರ್ಕೊಳ್ಳತ್ತೆ. ಸರ್ಟ್ರಲೀನ್ ಥರದ ಡಿಪ್ರೆಶನ್ ಮಾತ್ರೆಗಳಿಗೆ ಎಸ್‌ಎಸ್‌ಆರ್‌ಐ ಅಂತಾರೆ, ಅವು ಆ ವಾಪಸ್ ಹೋಗೋ ದಾರಿ ಮುಚ್ಚತ್ವೆ. ಮನೆ ಮೇಲಿನ ಟ್ಯಾಂಕ್ ನೆನಸ್ಕೊಳ್ಳಿ: ಔಟ್‌ಲೆಟ್ ಸ್ವಲ್ಪ ಮುಚ್ಚಿ ನೀರಿನ ಮಟ್ಟ ಸರಿಯಾಗಿ ನಿಲ್ಲೋ ಹಂಗೆ ಡಾಕ್ಟರ್ ಸೆಟ್ ಮಾಡಿರ್ತಾರೆ, ಗೊತ್ತಿಲ್ಲದೆ ಕಾವೇರಿ ನೀರು ಬರ್ತಿರೋವಾಗ್ಲೇ ಬೋರ್ ಮೋಟರೂ ಆನ್ ಮಾಡಿದ್ರೆ ಟ್ಯಾಂಕ್ ತುಂಬಿ ಹರಿಯತ್ತೆ. ಆ ಬೋರ್ ಮೋಟರ್ರೇ ಎರಡನೇ ಔಷಧಿ. ಇದು ಅಲರ್ಜಿ ಅಲ್ಲ, ಯಾರಿಗೋ ಒಬ್ಬರಿಗೆ ಒಗ್ಗದೆ ಆಗೋದೂ ಅಲ್ಲ, ಸೆರೊಟೋನಿನ್ ಜಾಸ್ತಿ ಆದ್ರೆ ಯಾರಿಗಾದ್ರೂ ಆಗತ್ತೆ.

ಹೆಜ್ಜೆ 1: ಮನೇಲಿರೋ ಎಲ್ಲಾ ಸ್ಟ್ರಿಪ್ ಮೇಜಿನ ಮೇಲೆ ಹಾಕಿ

ಏನೂ ಆಗಿಲ್ಲದಿದ್ರೂ ಇವತ್ತೇ ಮಾಡಿ. ಬ್ರ್ಯಾಂಡ್ ಹೆಸರು ಬಿಡಿ, ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಬರ್ದಿರೋ ಔಷಧಿ ಹೆಸರು ಓದಿ, ಯಾಕಂದ್ರೆ ಒಂದೇ ಔಷಧಿಗೆ ಹತ್ತಾರು ಬ್ರ್ಯಾಂಡ್ ಇರತ್ವೆ, ಮೆಡಿಕಲ್ ಶಾಪ್ ಒಂದಾದ್ರೆ ಇನ್ನೊಂದು ಬ್ರ್ಯಾಂಡ್ ಕೊಡ್ತಾರೆ, ಜನೌಷಧಿ ಕೇಂದ್ರದಲ್ಲಿ ಬರೀ ಔಷಧಿ ಹೆಸರೇ ಇರತ್ತೆ.

ಮೊದಲನೇ ಗುಂಪು ಡಿಪ್ರೆಶನ್, ಆಂಗ್ಸೈಟಿ, ಒಸಿಡಿಗೆ ಕೊಡೋವು: ಎಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲುವೊಕ್ಸೆಟೀನ್, ಪ್ಯಾರೊಕ್ಸೆಟೀನ್, ಫ್ಲುವೊಕ್ಸಮೀನ್, ವೆನ್ಲಾಫ್ಯಾಕ್ಸೀನ್, ಡೆಸ್‌ವೆನ್ಲಾಫ್ಯಾಕ್ಸೀನ್, ಡ್ಯುಲೊಕ್ಸೆಟೀನ್, ಹಳೇ ಕಾಲದ ಕ್ಲೋಮಿಪ್ರಮೀನ್, ಇಮಿಪ್ರಮೀನ್. ಡ್ಯುಲೊಕ್ಸೆಟೀನ್ ಬಗ್ಗೆ ಒಂದು ಮಾತು, ಅದನ್ನ ಶುಗರ್ ಇರೋರ ಕಾಲುರಿಗೂ ಕೊಡ್ತಾರೆ, ಹಾಗಾಗಿ ಅಜ್ಜಿಗೆ ಡಿಪ್ರೆಶನ್ ಇಲ್ವಲ್ಲ ಅಂದ್ಕೊಂಡು ಅವರ ಸ್ಟ್ರಿಪ್ ಬಿಡ್ಬೇಡಿ.

ಎರಡನೇ ಗುಂಪಿನಲ್ಲೇ ಜನ ಮೋಸ ಹೋಗೋದು, ಯಾಕಂದ್ರೆ ಇವು ಹೆಚ್ಚಿನವು ಮನಸ್ಸಿನ ಔಷಧಿ ಅಲ್ಲ. ನೋವಿನ ಮಾತ್ರೆ ಟ್ರಮಡಾಲ್, ಟಪೆಂಟಡಾಲ್. ಟ್ರಮಡಾಲ್ ಎಷ್ಟೋ ಸಲ ಪ್ಯಾರಾಸಿಟಮಾಲ್ ಜೊತೆ ಒಂದೇ ಮಾತ್ರೇಲಿ ಸೇರಿ ಬರತ್ತೆ, ನೋಡಿದ್ರೆ ಮಾಮೂಲಿ ಪೇನ್‌ಕಿಲ್ಲರ್ ಥರನೇ ಇರತ್ತೆ. ಟ್ರಮಡಾಲನ್ನ ಸರ್ಕಾರ 2018ರಲ್ಲಿ ಮಾದಕ ವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆ ಕೆಳಗೆ ತಂದಿದೆ, ಚೀಟಿ ಇಲ್ಲದೆ ಕೊಡಂಗಿಲ್ಲ, ಆದ್ರೆ ಮನೆಯಲ್ಲಿ ಹಿಂದೆ ಯಾರಿಗೋ ಬರ್ಕೊಟ್ಟು ಉಳಿದಿರೋ ನಾಲ್ಕು ಮಾತ್ರೆ ಡಬ್ಬೀಲಿ ಇದ್ದೇ ಇರತ್ತೆ. ಆಮೇಲೆ ಡೆಕ್ಸ್‌ಟ್ರೊಮೆಥಾರ್ಫಾನ್, ಒಣಕೆಮ್ಮಿನ ಸಿರಪ್ಪಲ್ಲಿರೋದು, ಬಾಟಲಿ ಮೇಲೆ ಈ ಉದ್ದದ ಹೆಸರಿದ್ರೆ ಅದನ್ನ ಕೆಳಗಿಡಿ. ಲಿನೆಜೋಲಿಡ್ ಅನ್ನೋ ಆಂಟಿಬಯಾಟಿಕ್, ಮಾತ್ರೆಗೆ ಬಗ್ಗದ ಎಂಡಿಆರ್ ಟಿಬಿಗೆ ಕೊಡ್ತಾರೆ, ಅದು ಸೆರೊಟೋನಿನ್ ಒಡೆಯೋ ಎಂಜೈಮನ್ನೇ ತಡೆಯತ್ತೆ, ಟಿಬಿ ಜೊತೆ ಡಿಪ್ರೆಶನ್ ಇರೋರು ಎರಡೂ ಡಾಕ್ಟರಿಗೆ ಎರಡೂ ಚೀಟಿ ತೋರಿಸ್ಲೇಬೇಕು. ಆಪರೇಷನ್ ಟೈಮಲ್ಲಿ ಕೊಡೋ ಪೆಥಿಡೀನ್, ಫೆಂಟನಿಲ್, ಮೆಥಿಲೀನ್ ಬ್ಲೂ ಕೂಡ ಲಿಸ್ಟಲ್ಲಿವೆ, ಅರಿವಳಿಕೆ ಡಾಕ್ಟರ್ ಕೇಳೋಕೆ ಮುಂಚೆ ನೀವೇ ಹೇಳಿ. ಮೂಡಿನ ಏರಿಳಿತಕ್ಕೆ ಕೊಡೋ ಲಿಥಿಯಂ ಮನಸ್ಸಿನ ಔಷಧಿನೇ, ಅದರ ಜೊತೆಗೂ ಹುಷಾರು. ಆನ್‌ಲೈನಲ್ಲಿ ಮೂಡ್‌ಗೆ ಒಳ್ಳೇದು, ನ್ಯಾಚುರಲ್ ಅಂತ ಮಾರೋ ಸೇಂಟ್ ಜಾನ್ಸ್ ವರ್ಟ್, ಫೈವ್ ಎಚ್‌ಟಿಪಿ ಕ್ಯಾಪ್ಸೂಲ್ ಇದಾವಲ್ಲ, ಅವೂ ಇದೇ ಟ್ಯಾಂಕಿಗೇ ನೀರು ಬಿಡೋವು. ಪಾರ್ಟಿಲಿ ಎಂಡಿಎಂಎ ಅನ್ನೋ ಡ್ರಗ್ ತಗೊಳ್ಳೋ ಹುಡುಗ್ರೂ ನಮ್ಮ ಊರಲ್ಲಿದ್ದಾರೆ, ಬೈಯೋಕೆ ಹೇಳ್ತಿಲ್ಲ, ಎಸ್‌ಎಸ್‌ಆರ್‌ಐ ಜೊತೆ ಅದು ತುಂಬಾ ಡೇಂಜರ್.

ಒಂದು ಗುಂಪಿಂದ ಒಂದು, ಇನ್ನೊಂದರಿಂದ ಒಂದು ಸಿಕ್ಕಿದ ತಕ್ಷಣ ಗಾಬರಿ ಬೇಡ. ಎಷ್ಟೋ ಜನಕ್ಕೆ ಡಾಕ್ಟರೇ ಯೋಚ್ನೆ ಮಾಡಿ ಕಮ್ಮಿ ಡೋಸಲ್ಲಿ ಎರಡು ಕೊಟ್ಟಿರ್ತಾರೆ. ಹೊಸದು ಶುರು ಮಾಡೋಕೆ ಮುಂಚೆ ಫೋನ್ ಮಾಡಿ ಕೇಳಿ, ಅಷ್ಟೇ. ಇದನ್ನ ಓದಿ ಹೆದರಿ ಡಿಪ್ರೆಶನ್ ಮಾತ್ರೆನ ನೀವೇ ನಿಲ್ಲಿಸ್ಬೇಡಿ, ದಯವಿಟ್ಟು. ಸಡನ್ನಾಗಿ ಬಿಟ್ರೆ ತಲೆಸುತ್ತು, ವಾಂತಿ ಬಂದಂಗೆ, ತಲೇಲಿ ಕರೆಂಟ್ ಹೊಡ್ದಂಗೆ ಆಗೋದು ಬೇರೆ ತೊಂದ್ರೆ, ಕಾಯಿಲೆ ಮರುಕಳಿಸೋದು ಅದಕ್ಕಿಂತ ದೊಡ್ಡ ತೊಂದ್ರೆ.

ಹೆಜ್ಜೆ 2: ಗಡಿಯಾರ ನೋಡಿ

ಹೊಸ ಮಾತ್ರೆ ಯಾವಾಗ ಶುರು ಆಯ್ತು, ಡೋಸ್ ಯಾವಾಗ ಜಾಸ್ತಿ ಆಯ್ತು, ಮೈ ಕೆಟ್ಟಿದ್ದು ಎಷ್ಟೊತ್ತಿಗೆ. ಈ ಸಿಂಡ್ರೋಮ್ ನಿಧಾನವಾಗಿ ವಾರಗಟ್ಟಲೆ ಬೆಳೆಯೋದಲ್ಲ, ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮಾತ್ರೆ ಬದಲಾದ 6 ಗಂಟೆ ಒಳಗೆ, ಹೆಚ್ಚಿನವರಿಗೆ 24 ಗಂಟೆ ಒಳಗೆ ಕಾಣಿಸ್ಕೊಳ್ಳತ್ತೆ. ಫ್ಲುವೊಕ್ಸೆಟೀನ್ ಮಾತ್ರ ಮೈಯಲ್ಲಿ ವಾರಗಟ್ಟಲೆ ಉಳಿಯತ್ತೆ, ಅದನ್ನ ನಿಲ್ಲಿಸಿ ಮೂರು ವಾರ ಆಗಿದ್ರೂ ಡಾಕ್ಟರಿಗೆ ಹೇಳಿ.

ಹೆಜ್ಜೆ 3: ಮೈ ಏನ್ ಹೇಳ್ತಿದೆ ನೋಡಿ

ಮೂರು ಕಡೆ ನೋಡ್ಬೇಕು. ಮನಸ್ಸು: ಕೂತಲ್ಲಿ ಕೂರಕ್ಕಾಗದ ಚಡಪಡಿಕೆ, ಗಾಬರಿ, ಗೊಂದಲ, ಹೆಚ್ಚಾದ್ರೆ ಏನೇನೋ ಮಾತಾಡೋದು. ಒಳಗಿನ ಯಂತ್ರ: ವಿಪರೀತ ಬೆವರು, ಎದೆ ಡವಡವ, ಬಿಪಿ ಏರೋದು, ಕಣ್ಣು ಪಾಪೆ ದೊಡ್ಡದಾಗೋದು, ಲೂಸ್ ಮೋಷನ್, ಜ್ವರ. ಸ್ನಾಯು: ನಡುಕ, ಮೈ ಬೆಚ್ಚಿಬಿದ್ದಂಗೆ ಜಗ್ಗೋದು, ಬಿಗಿತ. ಕೈಗಿಂತ ಕಾಲಲ್ಲಿ ಜಾಸ್ತಿ ಇರತ್ತೆ, ಇದನ್ನ ನೆನಪಿಟ್ಕೊಳ್ಳಿ.

ಆ ಹುಡುಗನ ಪಾದ ಹೊಡ್ಕೊಂಡಿದ್ದು ಹೇಳಿದ್ನಲ್ಲ, ಅದಕ್ಕೆ ಕ್ಲೋನಸ್ ಅಂತಾರೆ, ಡಾಕ್ಟರುಗಳು ಎಲ್ಲಕ್ಕಿಂತ ಜಾಸ್ತಿ ನಂಬೋ ಗುರುತು ಅದೇ. ಬ್ಲಡ್ ಟೆಸ್ಟಲ್ಲಿ ಈ ಸಿಂಡ್ರೋಮ್ ಗೊತ್ತಾಗಲ್ಲ, ಸ್ಕ್ಯಾನಲ್ಲೂ ಗೊತ್ತಾಗಲ್ಲ. 2003ರಲ್ಲಿ ಆಸ್ಟ್ರೇಲಿಯಾದ ಡಾಕ್ಟರುಗಳು ಮಾಡಿದ ಹಂಟರ್ ನಿಯಮ ಅಂತ ಇದೆ, ಈಗ್ಲೂ ಕ್ಯಾಶುಯಾಲ್ಟಿಯಲ್ಲಿ ಅದನ್ನೇ ಬಳಸೋದು. ಸೆರೊಟೋನಿನ್ ಏರಿಸೋ ಔಷಧಿ ತಗೊಂಡಿದ್ದಾರೆ ಅನ್ನೋದು ಮೊದಲು, ಆಮೇಲೆ ಈ ಕೆಳಗಿನದ್ರಲ್ಲಿ ಯಾವುದಾದ್ರೂ ಒಂದು: ಕ್ಲೋನಸ್ ತಾನಾಗೇ ಬರ್ತಿದೆ. ಅಥವಾ ಪಾದ ತಳ್ಳಿದಾಗ ಕ್ಲೋನಸ್ ಬರತ್ತೆ, ಇಲ್ಲಾ ಕಣ್ಣುಗುಡ್ಡೆ ಅತ್ತಿತ್ತ ಜಾರಾಡತ್ತೆ, ಜೊತೆಗೆ ಚಡಪಡಿಕೆ ಅಥವಾ ಬೆವರಿದೆ. ಅಥವಾ ನಡುಕದ ಜೊತೆ ಮಂಡಿಗೆ ತಟ್ಟಿದ್ರೆ ಕಾಲು ಅತಿಯಾಗಿ ಎಗರತ್ತೆ. ಅಥವಾ ಮೈ ಬಿಗಿತ, 38 ಡಿಗ್ರಿ ಸೆಲ್ಸಿಯಸ್ ಮೇಲೆ ಜ್ವರ, ಜೊತೆಗೆ ಕಣ್ಣಿನ ಅಥವಾ ಪಾದದ ಕ್ಲೋನಸ್. ಔಷಧಿ ತಗೊಂಡಿದ್ದಾರೆ ಅನ್ನೋ ಮೊದಲ ಸಾಲೇ ಸಿಗದಿದ್ರೆ ಮಿಕ್ಕಿದ್ದೆಲ್ಲಾ ಲೆಕ್ಕಕ್ಕೇ ಬರಲ್ಲ ನೋಡಿ, ಅವತ್ತು ಕಾರಿಡಾರಲ್ಲಿ ಸಿಕ್ಕಿದ್ದು ಆ ಸಾಲು.

ಮಾತ್ರೆ ಶುರು ಮಾಡಿದ ಮೊದಲ ವಾರ ಸ್ವಲ್ಪ ವಾಕರಿಕೆ, ಲೂಸ್ ಮೋಷನ್, ಸಣ್ಣ ನಡುಕ ಮಾಮೂಲಿ ಸೈಡ್ ಎಫೆಕ್ಟ್ ಆಗಿರಬಹುದು, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಡೋಸ್ ತಗೋಬೇಕಾ ಕೇಳಿ. ಆದ್ರೆ ಜ್ವರ, ಕಾಲು ಜಗ್ಗೋದು, ಬಿಗಿತ, ಗೊಂದಲ, ಫಿಟ್ಸ್, ಇದರಲ್ಲಿ ಒಂದಿದ್ರೂ ಫೋನಲ್ಲಿ ಕೂರ್ಬೇಡಿ, ಕ್ಯಾಶುಯಾಲ್ಟಿಗೆ ಹೊರಡಿ.

ಯಾವ್ದ್ಯಾವ್ದೋ ಅಂದ್ಕೊಂಡು ಟೈಮ್ ಹೋಗತ್ತೆ

ಬೇಸಿಗೇಲಾದ್ರೆ ಹೀಟು, ಮಳೆಗಾಲದಲ್ಲಾದ್ರೆ ಡೆಂಗ್ಯೂ, ಚಡಪಡಿಸಿದ್ರೆ ಪ್ಯಾನಿಕ್ ಅಟ್ಯಾಕ್, ಏನೇನೋ ಮಾತಾಡಿದ್ರೆ ದೃಷ್ಟಿ ತಾಗಿದೆ, ಮೈಮೇಲೆ ಬಂದಿದೆ ಅಂತ ನಿಂಬೆಹಣ್ಣು ಇಳಿ ತೆಗೆಯೋದು. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದು, ಡಿಪ್ರೆಶನ್ನೇ ಜಾಸ್ತಿ ಆಗಿದೆ ಅಂದ್ಕೊಂಡು ಅದೇ ಮಾತ್ರೆ ಇನ್ನೊಂದು ಕೊಡೋದು. ಪ್ಯಾನಿಕ್ಕಲ್ಲಿ ಎದೆ ಹೊಡ್ಕೊಳ್ಳತ್ತೆ, ಬೆವರತ್ತೆ, ಆದ್ರೆ ಪಾದ ಟಕಟಕ ಹೊಡೆಯಲ್ಲ, 102 ಜ್ವರ ಬರಲ್ಲ.

ಡಾಕ್ಟರುಗಳೂ ಒಂದೆರಡು ಕಾಯಿಲೆ ಜೊತೆ ಗೊಂದಲ ಮಾಡ್ಕೊಳ್ಳೋದುಂಟು. ಹ್ಯಾಲೊಪೆರಿಡಾಲ್ ಥರದ ಸೈಕೋಸಿಸ್ ಔಷಧಿಯಿಂದ ಬರೋ ಎನ್‌ಎಂಎಸ್ ಅನ್ನೋದ್ರಲ್ಲೂ ಜ್ವರ, ಬಿಗಿತ ಇರತ್ತೆ, ಆದ್ರೆ ಅದು ದಿನಗಟ್ಟಲೆ ನಿಧಾನಕ್ಕೆ ಏರತ್ತೆ, ಮೈ ಕಬ್ಬಿಣದ ಪೈಪ್ ಥರ ಸೆಟೆಯತ್ತೆ, ರೋಗಿ ಮಂಕಾಗ್ತಾರೆ. ಸೆರೊಟೋನಿನ್ ಆದ್ರೆ ಗಂಟೆಗಳಲ್ಲಿ ಏರತ್ತೆ, ಮೈ ಜಗ್ತಿರತ್ತೆ, ಹೊಟ್ಟೆ ಗುಡುಗುಡು ಅಂತಿರತ್ತೆ. ಉಮ್ಮತ್ತಿ ಕಾಯಿ ತಿಂದಾಗ ಆಗೋ ವಿಷದಲ್ಲೂ ಪಾಪೆ ಅಗಲ, ಗೊಂದಲ ಇರತ್ತೆ, ಆದ್ರೆ ಚರ್ಮ ಒಣಗಿ ಬಿಸಿ ಇರತ್ತೆ, ಇಲ್ಲಿ ಚರ್ಮ ಒದ್ದೆ.

ಹೆಜ್ಜೆ 4: ಹೊರಡೋ ಮುಂಚೆ ಮನೇಲಿ ಮಾಡೋದು

ಮುಂದಿನ ಡೋಸ್ ಕೊಡ್ಬೇಡಿ, ನೋವಿನ ಮಾತ್ರೆನೂ ಬೇಡ, ಸಿರಪ್ಪೂ ಬೇಡ. ಡೋಲೋ ಕೊಟ್ಟು ಕಾಯ್ಬೇಡಿ. ಬೆಂಗಳೂರಲ್ಲಿ ಜ್ವರ ಅಂದ್ರೆ ಡೋಲೋ 650 ಅನ್ನೋದು ರಕ್ತದಲ್ಲೇ ಬಂದ್ಬಿಟ್ಟಿದೆ, ಆದ್ರೆ ಈ ಜ್ವರ ಇನ್ಫೆಕ್ಷನ್ ಜ್ವರ ಅಲ್ಲ, ಸ್ನಾಯುಗಳು ಬಿಡುವಿಲ್ಲದೆ ಜಗ್ಗಿ ಜಗ್ಗಿ ಹುಟ್ಟೋ ಬಿಸಿ, ಪ್ಯಾರಾಸಿಟಮಾಲ್ ಕೆಲಸ ಮಾಡೋದು ಮೆದುಳಿನ ಥರ್ಮೋಸ್ಟಾಟ್ ಮೇಲೆ, ಸ್ನಾಯು ಮೇಲಲ್ಲ. ಬಟ್ಟೆ ಸಡಿಲ ಮಾಡಿ, ಸ್ವೆಟರ್ ಕಂಬಳಿ ತೆಗೀರಿ, ಫ್ಯಾನ್ ಹಾಕಿ, ಒದ್ದೆ ಬಟ್ಟೇಲಿ ಮೈ ಒರೆಸಿ.

ಕೈಕಾಲು ಹಿಡ್ಕೊಂಡು ಅದುಮಬೇಡಿ, ಕಟ್ಟಿ ಹಾಕ್ಲೇಬೇಡಿ. ನಾಲ್ಕು ಜನ ಸೇರಿ ಒತ್ತಿ ಹಿಡಿದಷ್ಟೂ ಅವರು ಬಿಡಿಸ್ಕೊಳ್ಳೋಕೆ ಸ್ನಾಯು ಬಿಗಿಯ್ತಾರೆ, ಜ್ವರ ಇನ್ನೂ ಏರತ್ತೆ, ರಕ್ತದಲ್ಲಿ ಆಸಿಡ್ ಸೇರತ್ತೆ. ಬೀಳ್ದಂಗೆ, ತಲೆಗೆ ತಾಗ್ದಂಗೆ ಸುತ್ತ ದಿಂಬು ಇಡಿ. ಪೂರ್ತಿ ಎಚ್ಚರ ಇದ್ರೆ ಮಾತ್ರ ಗುಟುಕು ನೀರು, ಎಚ್ಚರ ತಪ್ಪಿದ್ರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ.

108ಕ್ಕೆ ಫೋನ್ ಮಾಡಿ, ಲೇಟಾಗತ್ತೆ ಅನ್ಸಿದ್ರೆ ಆಟೋನೋ ಕಾರೋ ಸಿಕ್ಕಿದ್ರಲ್ಲಿ ಹೊರಡಿ. ಮನಸ್ಸಿನ ಮಾತ್ರೆಯಿಂದ ಆಗಿದ್ದು ಅಂದ ತಕ್ಷಣ ನಿಮ್ಹಾನ್ಸ್‌ಗೇ ಹೋಗ್ಬೇಕು ಅಂತ ಯಲಹಂಕದಿಂದ ಹೊಸೂರು ರೋಡ್ ತನಕ ಟ್ರಾಫಿಕ್ಕಲ್ಲಿ ಒದ್ದಾಡ್ಬೇಡಿ. ಇದು ಮೈಯ ಎಮರ್ಜೆನ್ಸಿ, ಐಸಿಯು ಇರೋ ಹತ್ತಿರದ ದೊಡ್ಡ ಆಸ್ಪತ್ರೆ ಯಾವ್ದೋ ಅದೇ ಸರಿ. ಎಲ್ಲಾ ಸ್ಟ್ರಿಪ್, ಬಾಟಲಿ, ಖಾಲಿಯಾಗಿರೋವು ಕೂಡ ಒಂದು ಕವರಲ್ಲಿ ಹಾಕ್ಕೊಂಡು ಬನ್ನಿ.

ಮಾತ್ರೆ ಬೇಕಂತಲೇ ಜಾಸ್ತಿ ನುಂಗಿದ್ದಾರೆ ಅಂತ ಅನುಮಾನ ಇದ್ರೆ ವಾಂತಿ ಮಾಡಿಸೋಕೆ ಹೋಗ್ಬೇಡಿ, ಉಪ್ಪುನೀರು ಕುಡಿಸ್ಬೇಡಿ, ಬೈಯಲೂ ಬೇಡಿ. ಪೊಲೀಸ್ ಕೇಸ್ ಆಗತ್ತೆ ಅಂತ ಹೆದರಿ ಮುಚ್ಚಿಡೋರು ತುಂಬಾ ಜನ. ಆಸ್ಪತ್ರೇಲಿ ಎಂಎಲ್‌ಸಿ, ಅಂದ್ರೆ ಪೊಲೀಸರಿಗೆ ತಿಳಿಸೋ ಕೇಸು ಅಂತ ಬರ್ಕೊಳ್ತಾರೆ ನಿಜ, ಆದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆ 115ನೇ ಸೆಕ್ಷನ್ನು ಅಂಥವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸ್ಬೇಕು, ಶಿಕ್ಷೆ ಕೊಡಂಗಿಲ್ಲ ಅನ್ನತ್ತೆ. ಎಷ್ಟು ಮಾತ್ರೆ ಹೋಗಿದೆ, ಎಷ್ಟೊತ್ತಿಗೆ, ಅದನ್ನ ಮಾತ್ರ ನಿಜ ಹೇಳಿ.

ಹೆಜ್ಜೆ 5: ಕ್ಯಾಶುಯಾಲ್ಟಿಯಲ್ಲಿ ಮೊದಲ ಮಾತು

"ಇವರು ಸರ್ಟ್ರಲೀನ್ ತಗೊಳ್ತಿದ್ದಾರೆ, ನಿನ್ನೆ ಸಂಜೆ ಟ್ರಮಡಾಲ್ ಶುರು ಮಾಡಿದ್ರು, ಇವತ್ತು ಬೆಳಿಗ್ಗೆಯಿಂದ ಹಿಂಗೆ, ಸೆರೊಟೋನಿನ್ ಸಿಂಡ್ರೋಮ್ ಇರಬಹುದಾ ನೋಡಿ ಡಾಕ್ಟ್ರೇ." ಇಷ್ಟೇ, ಹೀಗೇ ಹೇಳಿ. ನೀವೇ ಡಾಕ್ಟರ್ರಾ ಅಂತ ಯಾರಾದ್ರೂ ಕೇಳಿದ್ರೂ ಬೇಜಾರಾಗ್ಬೇಡಿ, ಇನ್ನೊಂದ್ಸಲ ಹೇಳಿ. ನೆಂಟರು ಪಕ್ಕದಲ್ಲಿದ್ರೆ ಸಿಸ್ಟರ್ ಒಂದ್ನಿಮಿಷ ಅಂತ ನಮ್ಮನ್ನ ಪಕ್ಕಕ್ಕೆ ಕರೀರಿ, ನಾವು ಬರ್ತೀವಿ. 1984ರಲ್ಲಿ ನ್ಯೂಯಾರ್ಕಲ್ಲಿ ಲಿಬ್ಬಿ ಜಿಯೋನ್ ಅನ್ನೋ 18 ವರ್ಷದ ಹುಡುಗಿ ಡಿಪ್ರೆಶನ್‌ಗೆ ಫಿನೆಲ್ಜೀನ್ ಅನ್ನೋ ಮಾತ್ರೆ ತಗೊಳ್ತಿದ್ಲು, ಜ್ವರ, ಚಡಪಡಿಕೆ ಅಂತ ಬಂದವಳಿಗೆ ಆಸ್ಪತ್ರೇಲೇ ಪೆಥಿಡೀನ್ ಕೊಟ್ರು, ಕೆಲವೇ ಗಂಟೆಯಲ್ಲಿ ತೀರ್ಕೊಂಡ್ಲು. ಜೂನಿಯರ್ ಡಾಕ್ಟರುಗಳ ಡ್ಯೂಟಿ ಗಂಟೆಗೆ ಅಲ್ಲಿ ಮಿತಿ ಬಂದಿದ್ದು ಆ ಸಾವಿನಿಂದ. ಆಸ್ಪತ್ರೆ ಒಳಗಿದ್ದೀವಿ ಅಂದ ಮಾತ್ರಕ್ಕೆ ಎಲ್ಲಾರಿಗೂ ಎಲ್ಲಾ ಗೊತ್ತಿರತ್ತೆ ಅಂತ ಅಲ್ಲ, ವಾರ್ಡ್ ಬದಲಾದಾಗ, ಶಿಫ್ಟ್ ಬದಲಾದಾಗ ಮತ್ತೆ ಹೇಳಿ.

ಹೆಜ್ಜೆ 6: ಒಳಗೆ ಏನು ಟ್ರೀಟ್‌ಮೆಂಟ್ ಕೊಡ್ತಾರೆ

ಮೊದಲು ಎಲ್ಲಾ ಸೆರೊಟೋನಿನ್ ಔಷಧಿ ಬಂದ್. ಡ್ರಿಪ್ಸ್, ಬೇಕಿದ್ರೆ ಆಕ್ಸಿಜನ್, ಎದೆಗೆ ಮಾನಿಟರ್. ಆಮೇಲೆ ಲೊರಜೆಪಾಮ್ ಅಥವಾ ಡಯಜೆಪಾಮ್ ಇಂಜೆಕ್ಷನ್, ಇದು ಬರೀ ನಿದ್ದೆಗಲ್ಲ, ಸ್ನಾಯು ಸಡಿಲ ಆಗಿ ಬಿಸಿ ಹುಟ್ಟೋದೇ ಕಮ್ಮಿ ಆಗತ್ತೆ. ಸಣ್ಣ ಮಟ್ಟದ್ದು ಇಷ್ಟಕ್ಕೇ ಇಳಿಯತ್ತೆ. ರಕ್ತದಲ್ಲಿ ಸಿಕೆ, ಕಿಡ್ನಿ ಟೆಸ್ಟ್ ಕಳಿಸ್ತಾರೆ, ಸ್ನಾಯು ಕರಗಿ ಕಿಡ್ನಿಗೆ ಪೆಟ್ಟಾಗಿದ್ಯಾ ಅಂತ ನೋಡೋಕೆ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ತಕ್ಷಣ ನರ್ಸ್‌ಗೆ ಹೇಳಿ.

ಸುಮಾರು ಹೆಚ್ಚಿದ್ರೆ ಸೈಪ್ರೊಹೆಪ್ಟಡೀನ್ ಕೊಡ್ತಾರೆ. ಹೆಸರು ಎಲ್ಲೋ ಕೇಳ್ದಂಗಿದ್ಯಾ? ಮಕ್ಕಳು ಊಟ ಮಾಡಲ್ಲ ಅಂತ ಹಸಿವಿಗೆ ಕೊಡೋ ಸಿರಪ್ಪಲ್ಲಿರೋದು ಅದೇ. ಅದು ಸೆರೊಟೋನಿನ್ ಕೂರೋ ಜಾಗದಲ್ಲಿ ತಾನು ಹೋಗಿ ಕೂತ್ಕೊಳ್ಳತ್ತೆ. ಇಂಜೆಕ್ಷನ್ ಇಲ್ಲ, ಬಾಯಿಂದ ಕೊಡೋದು ಮಾತ್ರ, ನುಂಗಕ್ಕಾಗದಿದ್ರೆ ಮಾತ್ರೆ ಪುಡಿ ಮಾಡಿ ಮೂಗಿನ ಟ್ಯೂಬಲ್ಲಿ ಹಾಕ್ತೀವಿ, ದೊಡ್ಡವರಿಗೆ ಮೊದಲು 12 ಮಿಲಿಗ್ರಾಂ, ಆಮೇಲೆ ಗುಣ ಕಾಣೋ ತನಕ ಎರಡೆರಡು ಗಂಟೆಗೆ 2 ಮಿಲಿಗ್ರಾಂ. ಈ ಲೆಕ್ಕ ಬರ್ದಿದ್ದು ಒಳಗೆ ಏನಾಗ್ತಿದೆ ಅಂತ ನಿಮಗೆ ಗೊತ್ತಿರ್ಲಿ ಅಂತ. ಮಗುವಿನ ಸಿರಪ್ ಮನೇಲಿದೆ ಅಂತ ಕುಡಿಸಿ ಮಲಗಿಸಿದ್ರೆ ಮಂಪರಲ್ಲಿ ಏರ್ತಿರೋ ಜ್ವರ ಕಾಣಲ್ಲ, ಜೀವಕ್ಕೇ ಕಷ್ಟ.

ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ, ಅಂದ್ರೆ ಮನೆ ಥರ್ಮಾಮೀಟರಲ್ಲಿ ಸುಮಾರು 106, ಅದು ಐಸಿಯು ಕೇಸು. ಪೂರ್ತಿ ಮಂಪರು ಮಾಡಿ, ಸ್ನಾಯು ನಿಲ್ಲಿಸೋ ಔಷಧಿ ಕೊಟ್ಟು, ವೆಂಟಿಲೇಟರ್ ಹಾಕ್ತಾರೆ. ಕೇಳಿ ಎದೆ ಒಡೆಯತ್ತೆ ಗೊತ್ತು, ಆದ್ರೆ ಜಗ್ಗೋದು ನಿಂತ್ರೆ ಬಿಸಿ ಹುಟ್ಟೋದು ನಿಲ್ಲತ್ತೆ, ವೆಂಟಿಲೇಟರ್ ಇಲ್ಲಿ ಆ ಕೆಲಸಕ್ಕೆ ಒಂದು ಸಾಧನ. ಟೈಮಿಗೆ ಬಂದ ಹೆಚ್ಚಿನವರು 24 ಗಂಟೇಲಿ ತಿಳಿಯಾಗ್ತಾರೆ, ಫ್ಲುವೊಕ್ಸೆಟೀನ್ ಥರ ಮೈಯಲ್ಲಿ ಉಳಿಯೋದಾದ್ರೆ ಇನ್ನೂ ಕೆಲವು ದಿನ.

ಹೆಜ್ಜೆ 7: ಮನೆಗೆ ಬಂದ್ಮೇಲೆ

ಡಿಪ್ರೆಶನ್ ಇನ್ನೂ ಹೋಗಿಲ್ಲ, ಮಾತ್ರೆ ಮಾತ್ರ ನಿಂತಿದೆ. ಈ ವಾರಗಳಲ್ಲಿ ಅವರನ್ನ ಒಬ್ಬರನ್ನೇ ಬಿಡ್ಬೇಡಿ, ಸೈಕಿಯಾಟ್ರಿಸ್ಟ್ ಅಪಾಯಿಂಟ್‌ಮೆಂಟ್ ಡಿಸ್ಚಾರ್ಜ್ ದಿನಾನೇ ತಗೊಳ್ಳಿ. ಯಾವ ಮಾತ್ರೆ, ಎಷ್ಟು ದಿನ ಬಿಟ್ಟು, ಎಷ್ಟು ಡೋಸ್, ಎಲ್ಲಾ ಅವರೇ ಹೇಳ್ಬೇಕು. ಸಾಮಾನ್ಯವಾಗಿ ಎಸ್‌ಎಸ್‌ಆರ್‌ಐ ಬಿಟ್ಟು ಎಂಎಒಐ ಅನ್ನೋ ಹಳೇ ಗುಂಪಿನ ಡಿಪ್ರೆಶನ್ ಔಷಧಿಗೆ ಹೋಗೋಕೆ 2 ವಾರ, ಫ್ಲುವೊಕ್ಸೆಟೀನ್ ಆಗಿದ್ರೆ 5 ವಾರ ಗ್ಯಾಪ್ ಬೇಕು. ರಾತ್ರಿ ಹೊತ್ತು ಮನಸ್ಸು ಕುಸಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಆ ಹುಡುಗ ಎರಡನೇ ದಿನ ಸಂಜೆ ಎದ್ದು ಕೂತು ಇಡ್ಲಿ ತಿಂದ, ಪಾದ ತಳ್ಳಿ ನೋಡಿದ್ರೆ ಒಂದೆರಡು ಸಲ ಅಲುಗಿ ನಿಂತ್ಬಿಡ್ತು. ಡಿಸ್ಚಾರ್ಜ್ ಹೊತ್ತಿಗೆ ಅವನ ಮಾವ ಪಕ್ಕದಲ್ಲೇ ನಿಂತಿದ್ರು, ಅವರ ಎದುರಿಗೇ ಅಮ್ಮ ಕೇಳಿದ್ರು, "ಡಾಕ್ಟ್ರೇ, ಈ ಡಿಪ್ರೆಶನ್ ಮಾತ್ರೆ ಮತ್ತೆ ಶುರು ಮಾಡಿದ್ಮೇಲೆ ಕೆಮ್ಮು ಬಂದ್ರೆ ಏನ್ ಕೊಡ್ಲಿ, ಸೊಂಟ ನೋವಿಗೆ ಏನ್ ಕೊಡ್ಲಿ?" ಕೆಮ್ಮಿಗೆ ಬಿಸಿನೀರು, ಜೇನುತುಪ್ಪ, ಸಿರಪ್ ಬೇಕೇ ಬೇಕು ಅಂದ್ರೆ ಡೆಕ್ಸ್‌ಟ್ರೊಮೆಥಾರ್ಫಾನ್ ಇಲ್ಲದ್ದು, ನೋವಿಗೆ ಬರೀ ಪ್ಯಾರಾಸಿಟಮಾಲ್, ಬೇರೆ ಏನೇ ಆದ್ರೂ ಕೇಳಿ ಅಂದ್ರು ಡಾಕ್ಟರ್. ಆ ಉದ್ದದ ಹೆಸರನ್ನ ನಾನು ಬಿಡಿಸಿ ಬಿಡಿಸಿ ಹೇಳಿದೆ, ಮಾವ ಜೇಬಿಂದ ಪೆನ್ ತೆಗೆದು ಡಿಸ್ಚಾರ್ಜ್ ಫೈಲ್ ಮೇಲೆ ಕನ್ನಡದಲ್ಲಿ ಬರ್ಕೊಂಡ್ರು.